ಐದು ಕೆ.ಜಿ. ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆ?

ಆತ್ಮೀಯ ಲೇಖಕರೇ,

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೂಲಿಕಾರರಿಗೆ ದಿನಸಿ, ಊಟ ಹಂಚಿದ ಕೆಲಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ವಿಷಯವೂ ಅಲ್ಲ ಇದು. ಎಲ್ಲಿ ಎಡವಿದ್ದೀರಿ ಎಂದು ಬಿಡಿಸಿ ಹೇಳುತ್ತೇವೆ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ದಾನಿಗಳ ಔದಾರ್ಯಕ್ಕೇ ಹೋಗಿದೆ. ‘ದೇವರಂತೆ ಬಂದರು’ ಮೂರು ಕಡೆ, ‘ಹಸಿದ ಹೊಟ್ಟೆಗಳು’ ಏಳು ಕಡೆ. ಕೊಟ್ಟದ್ದು ಎಷ್ಟು ಹೊತ್ತಿಗೆ ಸಾಕಾಯಿತು ಎಂಬ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಮೂರನೇ ಪುಟದ ಸಾಲು ನೋಡಿ: ‘ಐದು ಜನರ ಕುಟುಂಬಕ್ಕೆ ತಿಂಗಳಿಗಾಗುವಷ್ಟು ದಿನಸಿ ಕಿಟ್ ಕೊಡಲಾಯಿತು.’ ಅದರಲ್ಲಿ ಏನಿತ್ತು ಎಂದು ನೀವೇ ಬರೆದಿದ್ದೀರಿ: ಅಕ್ಕಿ 5 ಕೆ.ಜಿ., ತೊಗರಿಬೇಳೆ 1 ಕೆ.ಜಿ., ಎಣ್ಣೆ 1 ಲೀಟರ್, ಉಪ್ಪು, ಖಾರದ ಪುಡಿ, ಎರಡು ಸೋಪು. ಭಾಗಿಸಿ ನೋಡಿ. ಐದು ಜನ, ಮೂವತ್ತು ದಿನ ಎಂದರೆ ಒಬ್ಬರಿಗೆ ದಿನಕ್ಕೆ 33 ಗ್ರಾಂ ಅಕ್ಕಿ, ಒಂದು ಹಿಡಿ. ತರಕಾರಿ, ಹಾಲು ಇಲ್ಲದೆ ಅನ್ನವನ್ನೇ ನಂಬಿದ ದುಡಿಯುವ ಆಳಿಗೆ ದಿನಕ್ಕೆ 400 ಗ್ರಾಂ ಅಕ್ಕಿಯಾದರೂ ಬೇಕು. ಮಕ್ಕಳನ್ನೂ ಸೇರಿಸಿ ಸರಾಸರಿ 300 ಗ್ರಾಂ ಹಿಡಿದರೂ ಆ ಐದು ಕೆ.ಜಿ. ಬರುವುದು ಮೂರು ದಿನ ಚಿಲ್ಲರೆ. ‘ತಿಂಗಳಿಗಾಗುವಷ್ಟು’ ಎಂದು ಹಂಚಿದವರು ಹೇಳಿರಬಹುದು. ನೀವು ಅದನ್ನೇ ಬರೆದರೆ, ಐದನೇ ದಿನ ಆ ಮನೆಯಲ್ಲಿ ಒಲೆ ಹತ್ತಲಿಲ್ಲ ಎಂಬುದು ಓದುಗರಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಇದರ ಪಕ್ಕದಲ್ಲಿ ಸರ್ಕಾರದ ಲೆಕ್ಕವನ್ನೂ ಇಡಿ. ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ 2020ರ ಏಪ್ರಿಲ್‌ನಿಂದ ತಲೆಗೆ 5 ಕೆ.ಜಿ. ಧಾನ್ಯ ಹೆಚ್ಚುವರಿ ಎಂದಾಯಿತು. ಆಹಾರ ಭದ್ರತಾ ಕಾಯ್ದೆಯ 5 ಕೆ.ಜಿ. ಸೇರಿದರೆ ತಲೆಗೆ 10 ಕೆ.ಜಿ., ಅಂದರೆ ದಿನಕ್ಕೆ ಸುಮಾರು 333 ಗ್ರಾಂ. ಇದು ಬದುಕಿ ಉಳಿಯುವ ಅಳತೆ. ಆದರೆ ನಿಮ್ಮ ಲೇಖನದಲ್ಲಿರುವವರು ಯಾದಗಿರಿ, ರಾಯಚೂರುಗಳಿಂದ ಗುಳೆ ಬಂದವರು, ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದವರು. ಅವರಲ್ಲಿ ಹೆಚ್ಚಿನವರ ರೇಷನ್ ಕಾರ್ಡು ಇದ್ದದ್ದು ಊರಿನಲ್ಲಿ. ಕಾರ್ಡಿಲ್ಲದ ವಲಸೆ ಕಾರ್ಮಿಕರಿಗೂ ತಲೆಗೆ 5 ಕೆ.ಜಿ.ಯಂತೆ ಎರಡು ತಿಂಗಳು ಕೊಡುತ್ತೇವೆ ಎಂದು ಕೇಂದ್ರ ಘೋಷಿಸಿದ್ದು ಮೇ 14ರಂದು. ಮಾರ್ಚ್ 25ರಿಂದ ಎಣಿಸಿದರೆ ಅಷ್ಟರಲ್ಲಿ ಏಳು ವಾರ ಕಳೆದಿತ್ತು. ಆ ಏಳು ವಾರವನ್ನು ತುಂಬಲು ನಿಂತದ್ದೇ ಈ ಕಿಟ್‌ಗಳು, ಊಟದ ಪೊಟ್ಟಣಗಳು. ನಿಮ್ಮ ಲೇಖನಕ್ಕೆ ಬೆನ್ನೆಲುಬು ಆಗಬೇಕಾದ ಸಂಗತಿ ಇದು. ನೀವು ಒಂದು ಸಾಲೂ ಬರೆದಿಲ್ಲ.

ಅಕ್ಕಿ ಕೊಟ್ಟರೆ ಬೇಯಿಸುವುದು ಯಾವುದರಲ್ಲಿ? ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಎಂಟು ಜನ ಗಂಡಾಳುಗಳಿಗೆ ಒಂದೇ ಸಣ್ಣ ಸಿಲಿಂಡರ್ ಇರುತ್ತದೆ. ಅದನ್ನು ತುಂಬಿಸಿಕೊಡುವ ಬೀದಿಬದಿ ಅಂಗಡಿ ಮುಚ್ಚಿದರೆ ಅಕ್ಕಿ ಚೀಲದಲ್ಲೇ ಉಳಿಯುತ್ತದೆ. ಅದಲ್ಲದೆ ‘ಕುಟುಂಬಕ್ಕೊಂದು ಕಿಟ್’ ಎಂಬ ನಿಯಮದಲ್ಲಿ ಈ ಎಂಟು ಜನ ಯಾವ ಕುಟುಂಬ? ಯಾರಿಗೆ ದಿನಸಿ, ಯಾರಿಗೆ ಬೇಯಿಸಿದ ಊಟ ಎಂದು ವಿಂಗಡಿಸುವುದೇ ಈ ಕೆಲಸದ ಮೊದಲ ಹೆಜ್ಜೆ. ನಿಮ್ಮಲ್ಲಿ ಎರಡೂ ಕಲಸಿಹೋಗಿವೆ.

ಇನ್ನು ಆರನೇ ಪುಟ. ‘ಕೆಲವು ಕಡೆ ಊಟ ಹಳಸಿದೆ ಎಂಬ ದೂರು ಬಂದರೂ ಸ್ವಯಂಸೇವಕರು ಎದೆಗುಂದಲಿಲ್ಲ’ ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿಯೇ ನಿಲ್ಲಬೇಕಿತ್ತು. ಐದನೇ ಪುಟದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಒಲೆ ಹಚ್ಚುತ್ತಿದ್ದರು ಎಂದಿದೆ, ಆರನೇ ಪುಟದಲ್ಲಿ ಒಂದೂವರೆಗೆ ಊಟ ತಲುಪುತ್ತಿತ್ತು ಎಂದಿದೆ. ಅನ್ನ ಆರಕ್ಕೆ ಇಳಿಸಿದ್ದರೂ ತಿನ್ನುವವರ ಕೈಗೆ ಬರುವಾಗ ಏಳೂವರೆ ಗಂಟೆ. ಏಪ್ರಿಲ್ ಬಿಸಿಲಿನಲ್ಲಿ ಅದು ಹಳಸದೆ ಇರುತ್ತದೆಯೇ?

ಅದು ಹೇಗೆ ಕೆಡುತ್ತದೆ ಎಂಬುದನ್ನು ಬರೆಯಿರಿ. 500 ಜನಕ್ಕೆ ತಲೆಗೆ 120 ಗ್ರಾಂನಂತೆ 60 ಕೆ.ಜಿ. ಅಕ್ಕಿ ಹಾಕಿದರೆ 150ರಿಂದ 180 ಕೆ.ಜಿ. ಅನ್ನ ಆಗುತ್ತದೆ. ಅಷ್ಟನ್ನೂ ಹಬೆಯಾಡುವಾಗಲೇ ಕವರಿಗೆ ತುಂಬಿ, ಗಂಟು ಹಾಕಿ, ಒಂದರ ಮೇಲೊಂದು ಒಟ್ಟುತ್ತಾರೆ. ಹಬೆ ಕವರಿನ ಒಳಮೈಗೆ ಹನಿಗಟ್ಟಿ ಮತ್ತೆ ಅನ್ನಕ್ಕೇ ಇಳಿಯುತ್ತದೆ. ರಾಶಿಯ ನಡುವಿನ ಪೊಟ್ಟಣಗಳು ಪೂರ್ತಿ ಆರುವುದೂ ಇಲ್ಲ, ಬಿಸಿಯಾಗಿ ಉಳಿಯುವುದೂ ಇಲ್ಲ, ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂರುತ್ತವೆ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ, ಅವಕ್ಕೆ ಬೇಕಾದದ್ದೇ ಈ ಬೆಚ್ಚಗಿನ ತೇವ. ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪೊಟ್ಟಣ ಬಿಚ್ಚಿದಾಗ ಅನ್ನ ಬೆರಳಿಗೆ ನೂಲೆಳೆದರೆ ಮುಗಿಯಿತು. ನೂಲೆಳೆಯದ ಅನ್ನವೂ ಆ ಹೊತ್ತಿಗೆ ಸುರಕ್ಷಿತ ಎನ್ನಲಾಗದು, ವಾಸನೆಗೆ ಸಿಗದೆಯೂ ಅದು ಕೆಟ್ಟಿರಬಹುದು.

ತಪ್ಪಿಸುವ ದಾರಿ ಇದೆ. ಅಡುಗೆಯನ್ನು ಎರಡು ಸರದಿಯಲ್ಲಿ ಮಾಡಬೇಕು. ಇಳಿಸಿದ ನಾಲ್ಕು ಗಂಟೆಯೊಳಗೆ ಊಟ ಬಾಯಿಗೆ ಹೋಗುವಂತೆ ವ್ಯಾನಿನ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಬೇಕು, ಪೊಲೀಸ್ ನಾಕಾದಲ್ಲಿ ನಿಲ್ಲುವ ಅರ್ಧ ಗಂಟೆಯನ್ನೂ ಸೇರಿಸಿ. ಸಾಧ್ಯವಾದಲ್ಲಿ ಮುಚ್ಚಳದ ದೊಡ್ಡ ಪಾತ್ರೆಯಲ್ಲಿ ಬಿಸಿಯಾಗಿಯೇ ಒಯ್ದು ಅಲ್ಲೇ ಬಡಿಸುವುದು ಒಳ್ಳೆಯದು. ಪೊಟ್ಟಣವೇ ಆಗಬೇಕೆಂದರೆ ಪುಳಿಯೋಗರೆಯಂಥ ಹುಳಿ ಇರುವ ಅನ್ನ ಹೆಚ್ಚು ತಾಳುತ್ತದೆ. ಕಾಯಿತುರಿ ಬೇಡವೇ ಬೇಡ, ಮೊದಲು ಕೆಡುವುದು ಅದೇ. ಪ್ರತಿ ಪೊಟ್ಟಣದ ಮೇಲೆ ‘ಬೆಳಗ್ಗೆ 9ಕ್ಕೆ ಮಾಡಿದ್ದು, 1ರೊಳಗೆ ತಿನ್ನಿ’ ಎಂದು ಮಾರ್ಕರ್‌ನಲ್ಲಿ ಬರೆಯಬೇಕು. ಇಲ್ಲವಾದರೆ ತಾಯಂದಿರು ಅದನ್ನು ರಾತ್ರಿಗೆಂದು ಎತ್ತಿಡುತ್ತಾರೆ.

ಹಂಚಿಕೆಯ ಭಾಗ ಚಿಕ್ಕದಾದರೂ ನಡೆಯುತ್ತದೆ, ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕು: ಮುಖ್ಯರಸ್ತೆಯ ಪಕ್ಕದ ಕೇರಿಗೆ ಮೂರು ಗುಂಪು ಬಂದು ಹೋದ ದಿನ ಒಳಗಿನ ಕೇರಿಗೆ ಯಾರೂ ಏಕೆ ಬರಲಿಲ್ಲ? ಮನೆಮನೆ ಪಟ್ಟಿ ಇತ್ತೇ, ಹಿಂದಿನ ಸಂಜೆ ಟೋಕನ್ ಕೊಟ್ಟರೇ ಎಂದು ವಿಚಾರಿಸಿ. ಆ ವರ್ಷ ರಂಜಾನ್ ಉಪವಾಸ ಏಪ್ರಿಲ್ 25ಕ್ಕೆ ಶುರುವಾಯಿತು. ಅದಾದ ಮೇಲೂ ಉಪವಾಸ ಮಾಡುವವರಿದ್ದ ಬೀದಿಗಳಿಗೆ ಮಧ್ಯಾಹ್ನವೇ ಪೊಟ್ಟಣ ಹೋಯಿತೇ, ಹೊತ್ತು ಬದಲಾಯಿತೇ?

ಭಾಷೆಯ ಬಗ್ಗೆ ಒಂದೇ ಮಾತು. ಯಾದಗಿರಿಯ ಹೆಣ್ಣುಮಗಳ ಬಾಯಲ್ಲಿ ‘ನಾವು ತೀವ್ರ ಸಂಕಷ್ಟವನ್ನು ಎದುರಿಸುತ್ತಿದ್ದೇವೆ’ ಎಂದು ಹೇಳಿಸಿದ್ದೀರಿ. ಅದು ಆಕೆಯ ಮಾತಲ್ಲ, ಅರ್ಜಿಯ ಮಾತು. ಆಕೆ ಆಡಿದ್ದು ನೆನಪಿದ್ದರೆ ಹಾಗೆಯೇ ಬರೆಯಿರಿ, ಇಲ್ಲದಿದ್ದರೆ ತೆಗೆದುಬಿಡಿ. ‘ಫಲಾನುಭವಿ’ ಎಂಬ ಪದವನ್ನೂ ತೆಗೆಯಿರಿ, ಅವರು ಗಾರೆ ಕೆಲಸದವರು, ಮನೆಗೆಲಸದವರು, ಹಾಗೆಯೇ ಕರೆಯಿರಿ.

ಆರು ಪಟ ಕಳಿಸಿದ್ದೀರಿ, ಆರರಲ್ಲೂ ಕಿಟ್ ಹಿಡಿದವರ ಮುಖ ನೇರವಾಗಿ ಕಾಣುತ್ತದೆ. ಅಕ್ಕಿಗಾಗಿ ಸಾಲಿನಲ್ಲಿ ನಿಂತವರಿಗೆ ಪಟ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಅವನ್ನು ಬಳಸುವುದಿಲ್ಲ. ಅಡುಗೆಮನೆಯದ್ದು, ತಕ್ಕಡಿಯದ್ದು, ಪಟ್ಟಿ ಬರೆದ ನೋಟ್‌ಬುಕ್ಕಿನದ್ದು ಇದ್ದರೆ ಕಳಿಸಿ.

ಲೇಖನವನ್ನು ಊಟ ಹಳಸಿದ ಆ ದಿನದಿಂದ ಶುರು ಮಾಡಿ. ಒಲೆ ಆರಿಸಿದ್ದು ಎಷ್ಟಕ್ಕೆ, ವ್ಯಾನ್ ಹೊರಟದ್ದು ಎಷ್ಟಕ್ಕೆ, ಮರುದಿನ ಏನು ಬದಲಾಯಿಸಿದರು ಎಂದು ಅಡುಗೆಯವರನ್ನೂ ಚಾಲಕರನ್ನೂ ಕೇಳಿ ಬರೆಯಿರಿ. ದಾನಿಗಳ ಎರಡು ಪುಟ ಒಂದು ಪ್ಯಾರಾ ಆಗಲಿ. 1,200 ಪದಗಳೊಳಗೆ ಬಂದರೆ ಮತ್ತೆ ಓದುತ್ತೇವೆ.

ಸಂಪಾದಕರು