ತಂದೆಯವರನ್ನು ಸಂಶೋಧನೆಗೆ ಸೇರಿಸುವ ಮುನ್ನ
ಪಾರ್ಶ್ವವಾಯುವಿನಿಂದ ಎಡಗೈ ಸೋತಿರುವ ತಂದೆಯವರನ್ನು ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಸಂಶೋಧನೆಗೆ ಸೇರಿಸಬಹುದೇ ಎಂದು ಸಿಂಧನೂರಿನಿಂದ ಕೇಳಿದ್ದೀರಿ. ಸೇರಿಸಬಹುದು ಸರ್. ಆದರೆ ಸಹಿಗೂ ಮುನ್ನ ಕನ್ನಡದ ಮಾಹಿತಿ ಪತ್ರವನ್ನು ಕೇಳಿ ಪಡೆದು ಅವರಿಗೇ ಓದಿ ಹೇಳಿ. ಅವರಿಗೆ ತಿಳಿಯುವಂತಿದ್ದರೆ ಒಪ್ಪಿಗೆ ಅವರದೇ, ಮಕ್ಕಳದಲ್ಲ. ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಅನುಮೋದನೆ ಇದೆಯೇ, ಸಿಟಿಆರ್‌ಐ ಎಂಬ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಲ್ಲಿ ಅದರ ನೋಂದಣಿ ಸಂಖ್ಯೆ ಏನು ಎಂದೂ ವಿಚಾರಿಸಿ.

ಇನ್ನೊಂದು ಮಾತು. ಹೊಸ ವ್ಯಾಯಾಮ ಯಾರಿಗೆ, ಈಗಿನ ಚಿಕಿತ್ಸೆ ಯಾರಿಗೆ ಎಂಬುದನ್ನು ಇಂತಹ ಅಧ್ಯಯನಗಳಲ್ಲಿ ಹೆಚ್ಚಾಗಿ ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ; ಹೊಸದೇ ಬೇಕೆಂದು ಹಟ ಹಿಡಿಯಲಾಗದು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುವುದೂ ಇದನ್ನೇ. ರಾಯಚೂರಿಗೆ ಬಂದುಹೋಗುವ ಬಸ್ ಖರ್ಚು ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ.