ಹಾಸನದಿಂದ ಮಗಳ ಮನೆಗೆಂದು ಅಮೆರಿಕದ ಸ್ಯಾನ್ ಹೋಸೆಗೆ ಹೋಗುತ್ತಿದ್ದೇವೆ. ಎಚ್‌ಪಿ (ಹ್ಯೂಲೆಟ್-ಪ್ಯಾಕರ್ಡ್) ಕಂಪ್ಯೂಟರ್ ಕಂಪನಿಯ ಸ್ಥಾಪಕರ ಹಳೆಯ ಕಚೇರಿಗಳನ್ನು ನೋಡಬಹುದೇ?

ನೇರವಾಗಿ ಹೋಗಿ ನೋಡಲಾಗುವುದಿಲ್ಲ. ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ ಅವರ ಕೋಣೆಗಳನ್ನು ಪಾಲೊ ಆಲ್ಟೊದ ಪೇಜ್ ಮಿಲ್ ರಸ್ತೆಯ ಕಂಪನಿ ಆವರಣದಲ್ಲಿ ಹಾಗೆಯೇ ಉಳಿಸಿದ್ದಾರೆ. ಆದರೆ ಅದು ಬೇಲೂರು ದೇವಸ್ಥಾನದ ಹಾಗೆ ಯಾರು ಬೇಕಾದರೂ ಒಳಹೋಗುವ ಜಾಗವಲ್ಲ, ಕೆಲಸ ನಡೆಯುವ ಆಫೀಸು. ಒಳಗೆ ಕೆಲಸ ಮಾಡುವ ಪರಿಚಯದವರಿದ್ದರೆ ಹೊರಡುವ ಮುಂಚೆಯೇ ಅವರ ಮೂಲಕ ಕೇಳಿಸಿ. ಗೇಟಿನಲ್ಲಿ ನಿಂತು ಕೇಳಿದರೆ ಪ್ರಯೋಜನವಿಲ್ಲ.

ಅವರು ಕಂಪನಿ ಶುರು ಮಾಡಿದ ಗ್ಯಾರೇಜು ಮಾತ್ರ ತಪ್ಪಿಸಬೇಡಿ: 367, ಆಡಿಸನ್ ಅವೆನ್ಯೂ. ಸ್ಯಾನ್ ಹೋಸೆಯಿಂದ ಕ್ಯಾಲ್‌ಟ್ರೇನ್ ಹತ್ತಿ ಪಾಲೊ ಆಲ್ಟೊದಲ್ಲಿ ಇಳಿದರೆ ನಡೆದೇ ಹೋಗಬಹುದು. 12 ಅಡಿಗೆ 18 ಅಡಿ, ನಮ್ಮ ಸಕಲೇಶಪುರ ಕಡೆ ತೋಟದಲ್ಲಿ ಕಾಫಿ ಪಲ್ಪರ್ ಇಡುವ ಶೆಡ್ಡಿನಷ್ಟೇ. ಅಲ್ಲೂ ಒಳಗೆ ಬಿಡುವುದಿಲ್ಲ. ಫುಟ್‌ಪಾತಿನಿಂದಲೇ ಫಲಕ ಓದಿ, ಫೋಟೊ ತೆಗೆಯಿರಿ. ಸುತ್ತ ಜನ ವಾಸಿಸುವ ಮನೆಗಳಿವೆ, ಅಂಗಳಕ್ಕೆ ಕಾಲಿಡಬೇಡಿ.

1939ರಲ್ಲಿ 538 ಡಾಲರ್ ಬಂಡವಾಳದಲ್ಲಿ ಶುರುವಾದ ಕಂಪನಿ ಇದು. ಮೊದಲ ಸರಕು 200ಎ ಆಡಿಯೊ ಆಸಿಲೇಟರ್, ಅಂದರೆ ಧ್ವನಿ ಉಪಕರಣಗಳ ಪರೀಕ್ಷೆಗೆ ಬೇಕಾದ ಸಿಗ್ನಲ್ ಹುಟ್ಟಿಸುವ ಯಂತ್ರ. ಅದರ ಜಾಣತನವಿರುವುದು ಒಂದು ಪುಟ್ಟ ಬಲ್ಬಿನಲ್ಲಿ: ಸಿಗ್ನಲ್ ಜಾಸ್ತಿಯಾದರೆ ಬಲ್ಬಿನ ತಂತಿ ಬಿಸಿಯಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಅಲೆ ಕೆಡದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದನ್ನು ತಿಳಿದು ಹೋದರೆ ಮುಚ್ಚಿದ ಬಾಗಿಲ ಮುಂದೆ ನಿಂತರೂ ಬೇಸರವಾಗದು.

ಹಳೆಯ ಯಂತ್ರಗಳನ್ನು ಹತ್ತಿರದಿಂದಲೇ ನೋಡಬೇಕೆಂದರೆ ಪಕ್ಕದ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಅರ್ಧ ದಿನ ಇಡಿ. ವಾರವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡೇ ಹೊರಡಿ.