ಸುಸನ್ನಾ ವೆಸ್ಲಿ ಏಪ್ರನ್ ಮುಸುಕು ಹಾಕಿಕೊಂಡು ಪ್ರಾರ್ಥಿಸುತ್ತಿದ್ದದ್ದು ನಿಜವೇ? ಮೊದಲ ಮೆಥಡಿಸ್ಟ್ ಬೋಧಕಿ ಅವರೇನಾ?

ಏಪ್ರನ್ ಕಥೆಯನ್ನು ನಾನೂ ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ. ನಮ್ಮ ಟೀಚರ್ ಬಾಯಲ್ಲಿ ಅದು ಸೆರಗಾಗಿತ್ತು! ಸುಸನ್ನಾ ಅಂದರೆ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡ ಶುರುಮಾಡಿದ ಜಾನ್ ವೆಸ್ಲಿಯ ತಾಯಿ. 19 ಹೆತ್ತವರು, ಉಳಿದದ್ದು 10. ಅಷ್ಟು ಮಕ್ಕಳ ಗಲಾಟೆಯಲ್ಲಿ ಮುಸುಕೆಳೆದು ಕೂತರೆ ಯಾರೂ ಮಾತಾಡಿಸಬಾರದು ಅಂತ. ಕೇಳಲು ಚೆಂದ. ಆದರೆ ಅವರ ಕಾಲದ ಕಾಗದಪತ್ರಗಳಲ್ಲಿ ಇದಕ್ಕೆ ಆಧಾರವಿಲ್ಲ.

ಇನ್ನೊಂದು ಏಪ್ರನ್ ಕೂಡ ಇದೆ. 1766ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ಬರಾ ಹೆಕ್ ಎಂಬ ಮೆಥಡಿಸ್ಟ್ ಹೆಂಗಸು ಇಸ್ಪೀಟೆಲೆಗಳನ್ನು ಏಪ್ರನ್ನಿಗೆ ಬಾಚಿಕೊಂಡು ಬೆಂಕಿಗೆ ಹಾಕಿದರಂತೆ. ಆಕೆ ಬರೆದ ಒಂದು ಕಾಗದವೂ ಉಳಿದಿಲ್ಲ. ಹಾಗಾಗಿ ಅದನ್ನು 'ಅಂತೆ' ಸೇರಿಸಿಯೇ ಹೇಳಬೇಕು.

ಸುಸನ್ನಾ ಬರೆದ ಕಾಗದಗಳು ಉಳಿದಿವೆ. ಅದರಲ್ಲಿರೋದು ಏಪ್ರನ್‌ಗಿಂತ ಜಾಸ್ತಿ ಸ್ವಾರಸ್ಯ. 1712ರ ಚಳಿಗಾಲ, ಇಂಗ್ಲೆಂಡಿನ ಎಪ್‌ವರ್ತ್. ಪಾದ್ರಿ ಗಂಡ ಸ್ಯಾಮ್ಯುಯೆಲ್ ಲಂಡನ್ನಿನಲ್ಲಿದ್ದರು. ಭಾನುವಾರ ಸಂಜೆ ಸುಸನ್ನಾ ಮಕ್ಕಳಿಗೂ ಕೆಲಸದವರಿಗೂ ಪ್ರಸಂಗ, ಅಂದರೆ ಚರ್ಚಿನ ಧರ್ಮೋಪದೇಶ, ಓದಿ ಹೇಳುತ್ತಿದ್ದರು. ಕೆಲಸದ ಹುಡುಗ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿದ. ಅವರು ಬಂದರು, ಆಮೇಲೆ ಅಕ್ಕಪಕ್ಕದವರು. ನೋಡನೋಡುತ್ತಾ 200 ದಾಟಿತು. ನಿಲ್ಲಲೂ ಜಾಗ ಸಿಗದೆ ಎಷ್ಟೋ ಜನ ವಾಪಸ್ ಹೋದರು. ಸಹಾಯಕ ಪಾದ್ರಿ ದೂರು ಬರೆದ. ಗಂಡ ಬೇಡ ಅಂದರು. ಅದಕ್ಕೆ ಸುಸನ್ನಾ ಬರೆದ ಉತ್ತರದ ಸಾರ ಇಷ್ಟು: ನಿಮಗೆ ಇಷ್ಟವಿಲ್ಲ ಅಂದರೆ ಸಾಲದು, ಖಡಾಖಂಡಿತವಾಗಿ ಆಜ್ಞೆ ಮಾಡಿ, ನಾಳೆ ದೇವರ ಮುಂದೆ ನಿಂತಾಗ ಇದನ್ನು ನಿಲ್ಲಿಸಿದ ತಪ್ಪು ನನ್ನ ತಲೆಗೆ ಬರಬಾರದು. ತಲೆ ಮೇಲೆ ಮುಸುಕು ಎಳೆದುಕೊಂಡು ಕೂತವರ ಮಾತಿನ ಹಾಗಿದೆಯಾ ಇದು?

ಆದರೂ ಅವರನ್ನು ಮೆಥಡಿಸ್ಟ್ ಬೋಧಕಿ ಅನ್ನಲಾಗದು. ಓದಿದ್ದು ಬೇರೆಯವರ ಪ್ರಸಂಗ. ಆಗ ಜಾನ್ 8 ವರ್ಷದ ಹುಡುಗ, ಮೆಥಡಿಸಂ ಎಲ್ಲಿಂದ ಬರಬೇಕು?

ಆ ಹೆಸರು ಸಲ್ಲುವುದು ಜಾನ್ ವೆಸ್ಲಿಯ ಅನುಯಾಯಿ ಸಾರಾ ಕ್ರಾಸ್ಬಿಗೆ ಅಂತ ನನ್ನ ಅಭಿಪ್ರಾಯ. 1761ರ ಫೆಬ್ರವರಿ, ಇಂಗ್ಲೆಂಡಿನ ಡರ್ಬಿ. 30 ಜನರನ್ನು ನಿರೀಕ್ಷಿಸಿದ್ದ ಕೂಟಕ್ಕೆ ಸುಮಾರು 200 ಜನ ಬಂದರು. ಒಬ್ಬೊಬ್ಬರನ್ನೇ ಮಾತಾಡಿಸುವುದು ಆಗದ ಮಾತು, ಎಲ್ಲರಿಗೂ ಒಟ್ಟಿಗೇ ಮಾತಾಡಿಬಿಟ್ಟರು. ಆಮೇಲೆ ಅಳುಕಿ ಜಾನ್ ವೆಸ್ಲಿಗೆ ಬರೆದರು. ವೆಸ್ಲಿ ಕೊಟ್ಟ ಉಪಾಯ ನೋಡಿ: ಮೆಥಡಿಸ್ಟರಲ್ಲಿ ಹೆಂಗಸರು ಪ್ರಸಂಗ ಮಾಡುವಂತಿಲ್ಲ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಮನಸ್ಸಿನಲ್ಲಿರೋದನ್ನು ಸುಮ್ನೆ ಹೇಳಿ!

ಇದು ಮಾತ್ರ ಕಥೆಯಲ್ಲ.